ಪದಚರ್ಚೆ: ಜರ್ಮನ್ ಪದಕಗಳ ‘ಸೀಲು’, ‘ಅಚ್ಚು’, ‘ಖೋಟಾ’ – ಯಾವುದಕ್ಕೆ ಯಾವ ಪದ?

ಪ್ರಶ್ನೆ:

ಬಳಗದ ಎಲ್ಲರಿಗೂ ನಮಸ್ಕಾರ. ಹಳೆಯ ಜರ್ಮನ್ ಸೇನಾ ಪದಕಗಳನ್ನು, ಮುಖ್ಯವಾಗಿ ಯುದ್ಧದಲ್ಲಿ ಶೌರ್ಯ ತೋರಿದವರಿಗೆ ಕೊಡುತ್ತಿದ್ದ ಕಬ್ಬಿಣದ ಶಿಲುಬೆಯನ್ನು (ಐರನ್ ಕ್ರಾಸ್), ಕನ್ನಡದಲ್ಲಿ ವಿವರಿಸುವಾಗ ಕೆಲವು ಪದಗಳ ಮುಂದೆ ತಡವರಿಸುವಂತಾಗಿದೆ. ಪದಕ ಮಾಡಿದವರು ಅದರ ಮೇಲೆ ತಮ್ಮ ಗುರುತು ಒತ್ತಿರುತ್ತಾರಲ್ಲ, ಜರ್ಮನ್ನರು ಅದಕ್ಕೆ ‘ಪುಂಟ್ಸೆ’ ಎನ್ನುತ್ತಾರೆ. ನಿಘಂಟಿನಲ್ಲಿ ಮುದ್ರೆ, ಅಂಕಿತ, ಠಸ್ಸೆ, ಛಾಪು ಎಲ್ಲವೂ ಇವೆ. ಯಾವುದು ಒಪ್ಪುತ್ತದೆ? ಅಸಲಿ ಅಲ್ಲದ್ದಕ್ಕೆಲ್ಲ ‘ನಕಲಿ’ ಎಂದರೆ ಸಾಕೇ? ‘ನೊಯ್‌ಜಿಲ್ಬರ್’ ಎಂಬ ಲೋಹವನ್ನು ‘ಜರ್ಮನ್ ಬೆಳ್ಳಿ’ ಎನ್ನಬಹುದೇ? ‘ಪಟಿನಾ’ಕ್ಕೆ, ಅಂದರೆ ವರ್ಷಗಳು ಕಳೆದಂತೆ ಲೋಹದ ಮೇಲೆ ಕೂಡುವ ಪದರಕ್ಕೆ, ‘ಕಿಲುಬು’ ಆದೀತೇ? ಬಲ್ಲವರು ತಿಳಿಸಿಕೊಡಬೇಕು.

ಉತ್ತರ:

ನಮಸ್ಕಾರ ಮೇಡಂ. ಮೊದಲನೆಯದಕ್ಕೆ ‘ಸೀಲು’ ಎಂದೇ ಬರೆಯಿರಿ. ‘ಮುದ್ರೆ’ ಎಂದರೆ ನಾಣ್ಯದ ಮೇಲಿನ ಇಡೀ ಚಿತ್ರ ಎಂಬ ಅರ್ಥವೂ ಬರುತ್ತದೆ. ‘ಅಂಕಿತ’ ವಚನಕಾರರದು. ‘ಠಸ್ಸೆ’ ಎಂದೊಡನೆ ಕಚೇರಿಯ ಕಾಗದ, ಶಾಯಿ ನೆನಪಾಗುತ್ತವೆ. ಚಿನ್ನದಂಗಡಿಗೆ ಹೋದವರು ಮಾತ್ರ ಇವತ್ತಿಗೂ ‘916 ಸೀಲು ಇದೆಯಾ’ ಎಂದೇ ಕೇಳುತ್ತಾರೆ. ಜರ್ಮನ್ ಪದಕದ ಮೇಲಿನ ‘800’ ಕೂಡ ಅದೇ ಲೆಕ್ಕ, ಸಾವಿರ ಭಾಗಕ್ಕೆ ಎಂಟುನೂರು ಭಾಗ ಬೆಳ್ಳಿ. ಜೊತೆಗೆ ಅರ್ಧಚಂದ್ರ ಮತ್ತು ಕಿರೀಟದ ಸೀಲು ಇದ್ದರೆ ಆ ವಸ್ತು 1888ಕ್ಕಿಂತ ಹಿಂದಿನದಲ್ಲ, ಏಕೆಂದರೆ ಆ ಗುರುತು ಜಾರಿಗೆ ಬಂದದ್ದೇ ಆ ವರ್ಷ. 1870ರ ಯುದ್ಧಕ್ಕೆಂದು ಕೊಟ್ಟ ಶಿಲುಬೆಯ ಮೇಲೆ ಚಂದ್ರ-ಕಿರೀಟ ಕಂಡರೆ ಖೋಟಾ ಎಂದು ಕೂಡಲೇ ತಳ್ಳಿಹಾಕಬೇಡಿ. ಯುದ್ಧ ಮುಗಿದು ವರ್ಷಗಳಾದ ಮೇಲೆ ಹಳೆಯ ಯೋಧರು ದುಡ್ಡು ಕೊಟ್ಟು ಮಾಡಿಸಿಕೊಂಡದ್ದಿರಬಹುದು. ಇದಕ್ಕೆ ಜರ್ಮನ್ನಿನಲ್ಲಿ ‘ತ್ಸ್ವೈಟ್‌ಶ್ಟ್ಯುಕ್’ ಎನ್ನುತ್ತಾರೆ. ಕನ್ನಡದಲ್ಲಿ ‘ಎರಡನೇ ಪ್ರತಿ’ ಸಾಕು. ಸರ್ಕಾರ ಕೊಟ್ಟದ್ದು ಪೆಟ್ಟಿಗೆಯಲ್ಲಿ, ಇದು ಎದೆಯ ಮೇಲೆ. ಅಸಲಿಯೇ, ಆದರೆ ಪ್ರದಾನವಾದದ್ದಲ್ಲ.

ತಯಾರಕರ ಸೀಲು ಓದುವಾಗ ಎಡವುವ ಜಾಗ ಒಂದಿದೆ. 1914ರ ಎರಡನೇ ದರ್ಜೆಯ ಶಿಲುಬೆಯಲ್ಲಿ ಸೀಲು ಇರುವುದು ಸಾಮಾನ್ಯವಾಗಿ ರಿಬ್ಬನ್ ತೂರಿಸುವ ಬಳೆಯ ಮೇಲೆ. ‘ಕೆ ಓ’ ಎಂದಿದ್ದರೆ ಬರ್ಲಿನ್ನಿನ ರಾಜ ಟಂಕಸಾಲೆ, ‘ಎಸ್-ಡಬ್ಲ್ಯು’ ಎಂದಿದ್ದರೆ ಬರ್ಲಿನ್ನಿನದೇ ಸೈ ಉಂಡ್ ವಾಗ್ನರ್, ‘ಸಿ ಡಿ 800’ ಎಂದಿದ್ದರೆ ಫೋರ್ಟ್ಸ್‌ಹೈಮಿನ ಕಾರ್ಲ್ ಡಿಲ್ಲೇನಿಯುಸ್. ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ಷರ ಹೋಗಿ ಅಂಕಿ ಬಂತು, ಅದೂ ಎರಡು ಬೇರೆಬೇರೆ ಪಟ್ಟಿಗಳಲ್ಲಿ. ಸರ್ಕಾರಕ್ಕೆ ಪೂರೈಸಿದವಕ್ಕೆ ಬರಿಯ ಅಂಕಿ; ಅಂಗಡಿಯಲ್ಲಿ ಖಾಸಗಿಯಾಗಿ ಮಾರಿದವಕ್ಕೆ ‘ಎಲ್’ ಸೇರಿಸಿದ ಅಂಕಿ. ಲ್ಯೂಡೆನ್‌ಶೈಡಿನ ಶ್ಟೈನ್‌ಹೌವರ್ ಉಂಡ್ ಲ್ಯುಕ್ ಒಂದು ಪಟ್ಟಿಯಲ್ಲಿ 4, ಇನ್ನೊಂದರಲ್ಲಿ ಎಲ್/16. ಬರ್ಲಿನ್ನಿನ ಯುಂಕರ್ ಅಲ್ಲಿ 2, ಇಲ್ಲಿ ಎಲ್/12. ಬರಿಯ 15 ಎಂದರೆ ವಿಯೆನ್ನಾದ ಫ್ರೀಡ್ರಿಖ್ ಓರ್ಟ್. ಎಲ್/15 ಎಂದರೆ ಫೋರ್ಟ್ಸ್‌ಹೈಮಿನ ಓಟ್ಟೋ ಷಿಕ್ಲೆ. ನೀವು ಕನ್ನಡದಲ್ಲಿ ಬರೆಯುವಾಗ ‘ಎಲ್’ ಮತ್ತು ಓರೆಗೆರೆ ಬಿಟ್ಟುಹೋದರೆ ತಯಾರಕನೇ ಬದಲಾಗಿಬಿಡುತ್ತಾನೆ. ಬಳೆಯ ಮೇಲಿನ ಸೀಲಿಗೆ ಇನ್ನೊಂದು ತೊಂದರೆಯಿದೆ: ಬಳೆಯನ್ನು ಇಕ್ಕಳದಿಂದ ಬಿಡಿಸಿ ಬೇರೆ ಶಿಲುಬೆಗೆ ಹಾಕುವುದು ಒಂದು ನಿಮಿಷದ ಕೆಲಸ.

ಈ ಕಾರಣಕ್ಕೇ ‘ಸೀಲು’ ಮತ್ತು ‘ಅಚ್ಚು’ ಎರಡನ್ನೂ ಬೇರೆಯಾಗಿ ಇಡಲೇಬೇಕು ಎನ್ನುತ್ತೇನೆ. ಸೀಲು ಯಾರು ಬೇಕಾದರೂ ಯಾವಾಗ ಬೇಕಾದರೂ ಒತ್ತಬಹುದಾದ ಒಂದು ಮಾತು. ಅಚ್ಚು ಹಾಗಲ್ಲ. ಪದಕ ಹುಟ್ಟಿದ್ದೇ ಅದರಿಂದ. ಅಂಕಿಗಳ ಬಾಗು, ಕಿರೀಟದ ಮೇಲಿನ ಮಣಿಗಳು, ಚೌಕಟ್ಟಿನ ಒಳ ಅಂಚಿನ ಮಣಿಸಾಲು ಮೂಲೆಯಲ್ಲಿ ಕೂಡುವ ರೀತಿ, ಇವು ತಯಾರಕರಿಂದ ತಯಾರಕರಿಗೆ ಬೇರೆ. ಸೀಲೇ ಇಲ್ಲದ ಶಿಲುಬೆಗಳು ಎಷ್ಟೋ ಇವೆ. ಅವುಗಳ ಊರು ಹೇಳುವುದು ಅಚ್ಚು ಮಾತ್ರ. ಸೀಲು ಒಬ್ಬರದು, ಅಚ್ಚು ಇನ್ನೊಬ್ಬರದು ಎಂದಾದರೆ ನಂಬಬೇಕಾದ್ದು ಅಚ್ಚನ್ನು.

‘ನಕಲಿ’ ಒಂದೇ ಪದ ಖಂಡಿತ ಸಾಲದು. ಮೋಸ ಮಾಡುವ ಉದ್ದೇಶ ಇದ್ದರೆ ‘ಖೋಟಾ’. ಖೋಟಾ ನೋಟು ಎನ್ನುವಾಗ ಆ ಉದ್ದೇಶ ಪದದೊಳಗೇ ಕೂತಿದೆ. ಪ್ರತಿ ಎಂದು ಹೇಳಿಯೇ ಮಾರಿದರೆ ‘ಪ್ರತಿಕೃತಿ’. ಹಳೆಯ ಅಚ್ಚಿನಿಂದಲೇ ಯುದ್ಧದ ನಂತರ ಒತ್ತಿದ್ದರೆ ‘ಮರುಅಚ್ಚು’. ಹಳೆಯ ತಿರುಳಿಗೆ (ಶಿಲುಬೆಯ ನಡುವಿನ ಕಪ್ಪು ತುಂಡು) ಹೊಸ ಚೌಕಟ್ಟು, ಅಸಲಿ ಬಿಲ್ಲೆಗೆ ಹೊಸ ಸೂಜಿ ಕೂಡಿಸಿದ್ದರೆ ‘ಕಲಬೆರಕೆ’. ಇದರ ಜೊತೆ ‘1957ರ ಮಾದರಿ’ ಎಂಬುದು ಬೇರೆಯೇ ಒಂದು ಜಾತಿ. ಪಶ್ಚಿಮ ಜರ್ಮನಿಯು 1957ರ ಜುಲೈ 26ರ ಕಾನೂನಿನಲ್ಲಿ ಹಳೆಯ ಪದಕಗಳನ್ನು ನಾಜಿ ಚಿಹ್ನೆ ತೆಗೆದು ತೊಡಲು ಅನುಮತಿ ಕೊಟ್ಟಿತು. 1939ರ ಶಿಲುಬೆಯ ನಡುವೆ ಓಕ್ ಎಲೆ ಬಂತು. ಅದು ಖೋಟಾ ಅಲ್ಲ, ಮರುಅಚ್ಚೂ ಅಲ್ಲ, ಕಾನೂನುಬದ್ಧ ಪದಕ. ಆದರೆ ಆ ಚೌಕಟ್ಟನ್ನು ಬಿಚ್ಚಿ ಒಳಗೆ ನಾಜಿ ಚಿಹ್ನೆಯ ತಿರುಳು ಕೂರಿಸಿದರೆ ಅದು ಕಲಬೆರಕೆ, ಮಾರುವವನು ಯುದ್ಧಕಾಲದ್ದು ಎಂದರೆ ಖೋಟಾ.

‘ಜರ್ಮನ್ ಬೆಳ್ಳಿ’ ದಯವಿಟ್ಟು ಬೇಡ. ನಮ್ಮಲ್ಲಿ ‘ಜರ್ಮನ್ ಸಿಲ್ವರ್’ ಎಂದರೆ ಅರಿಶಿನ-ಕುಂಕುಮದ ಬಟ್ಟಲು, ತಾಂಬೂಲದ ತಟ್ಟೆ ಮಾಡುವ ಲೋಹ ಎಂದು ಎಲ್ಲರಿಗೂ ಗೊತ್ತು. ಅದನ್ನು ‘ಬೆಳ್ಳಿ’ ಎಂದು ಕನ್ನಡಿಸಿದ ಕೂಡಲೇ ಓದುಗರು ನಿಜವಾದ ಬೆಳ್ಳಿ ಎಂದುಕೊಳ್ಳುತ್ತಾರೆ. ನೊಯ್‌ಜಿಲ್ಬರ್ ಅಂದರೆ ‘ಹೊಸ ಬೆಳ್ಳಿ’; ಇರುವುದು ತಾಮ್ರ, ನಿಕ್ಕಲ್, ಸತು. ಬೆಳ್ಳಿ ಎಳ್ಳಷ್ಟೂ ಇಲ್ಲ. ‘ಜರ್ಮನ್ ಸಿಲ್ವರ್’ ಎಂದೇ ಇಡಿ. ಪದಕದ ವಿಷಯದಲ್ಲಿ ಇದು ಹೆಸರಿನ ಪ್ರಶ್ನೆ ಮಾತ್ರ ಅಲ್ಲ: ‘800’ ಸೀಲಿರುವ ಚೌಕಟ್ಟಿನ ಸವೆದ ಏಣಿನಲ್ಲಿ ಹಳದಿ ಲೋಹ ಇಣುಕಿದರೆ ಅದು ಬೆಳ್ಳಿಯ ಲೇಪ, ಸೀಲು ಸುಳ್ಳು.

‘ಕಿಲುಬು’ ತಾಮ್ರ-ಹಿತ್ತಾಳೆಗೆ ಸರಿ, ಹಸಿರು ಬಣ್ಣದ್ದು. ಕಬ್ಬಿಣಕ್ಕೆ ‘ತುಕ್ಕು’. ಬೆಳ್ಳಿಗೆ ‘ಕಪ್ಪು ಹಿಡಿಯುವುದು’ ಎನ್ನುತ್ತೇವೆ, ಅದನ್ನೇ ಬಳಸಿ. ಒಂದೇ ಶಿಲುಬೆಯಲ್ಲಿ ಚೌಕಟ್ಟು ಬೆಳ್ಳಿ, ತಿರುಳು ಕಬ್ಬಿಣ. ಒಂದೇ ಪದದಿಂದ ಎರಡನ್ನೂ ಹೇಳಹೊರಟರೆ ವಿವರ ಕೆಡುತ್ತದೆ. ನೂರು ವರ್ಷ ಮೈಮೇಲೆ, ಪೆಟ್ಟಿಗೆಯಲ್ಲಿ ಇದ್ದ ಬೆಳ್ಳಿ ಉಬ್ಬಿನಲ್ಲಿ ಮಿನುಗಿ ತಗ್ಗಿನಲ್ಲಿ ಕಪ್ಪಾಗಿರುತ್ತದೆ. ಗಂಧಕದ ದ್ರಾವಣದಲ್ಲಿ ಅದ್ದಿ ತೆಗೆದದ್ದು ಉಬ್ಬು ತಗ್ಗು ಎನ್ನದೆ ಒಂದೇ ಸಮ ಕಪ್ಪು.

ಮರುಪ್ರಶ್ನೆ:

ತುಂಬಾ ಉಪಕಾರವಾಯಿತು ಸರ್. ಇನ್ನೆರಡು. ಜರ್ಮನ್ ವಿವರಣೆಗಳಲ್ಲಿ ಅಚ್ಚಿನ ‘ದೋಷ’ ಇದ್ದರೆ ಒಳ್ಳೆಯದು ಎಂಬಂತೆ ಬರೆದಿರುತ್ತಾರೆ. ಗೀರು ಬೇರೆ, ಅಚ್ಚಿನ ದೋಷ ಬೇರೆ ಎಂದು ಕನ್ನಡದಲ್ಲಿ ಹೇಗೆ ಹೇಳುವುದು? ಶಿಲುಬೆಗೆ ಆಯಸ್ಕಾಂತ ಹಿಡಿದರೆ ಸಾಕು ಎನ್ನುವವರಿದ್ದಾರೆ, ಅದು ಸರಿಯೇ?

ಉತ್ತರ:

‘ಅಚ್ಚಿನ ಬಿರುಕು’ ಎನ್ನಿ ಮೇಡಂ. ಉಕ್ಕಿನ ಅಚ್ಚು ಏಟು ತಿಂದು ತಿಂದು ಒಂದು ಕಡೆ ಕೂದಲೆಳೆಯಷ್ಟು ಬಿಡುತ್ತದೆ. ಮುಂದಿನ ಪೆಟ್ಟಿಗೆ ಲೋಹ ಆ ಸಂದಿಯೊಳಕ್ಕೆ ನುಗ್ಗುತ್ತದೆ. ಹಾಗಾಗಿ ಪದಕದ ಮೇಲೆ ಅದು ಉಬ್ಬಿದ ಗೆರೆಯಾಗಿ ಕಾಣುತ್ತದೆ. ಗೀರು ಯಾವಾಗಲೂ ತಗ್ಗು. ಅಕ್ಕಸಾಲಿಗರು ಬಳಸುವ ಹತ್ತು ಪಟ್ಟಿನ ಮಸೂರ ಹಿಡಿದು, ದೀಪವನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ಪದಕವನ್ನು ನಿಧಾನವಾಗಿ ತಿರುಗಿಸಿ. ಉಬ್ಬಿದ ಗೆರೆ ದೀಪದ ಆಚೆ ಬದಿಗೆ ನೆರಳು ಚೆಲ್ಲುತ್ತದೆ. ಗೀರಿನ ನೆರಳು ಅದರೊಳಗೇ ಬೀಳುತ್ತದೆ. ಅದೇ ಬಿರುಕು ಅದೇ ಜಾಗದಲ್ಲಿ, ಸಂಶಯವಿಲ್ಲದ ಇನ್ನೊಂದು ಪದಕದಲ್ಲೂ ಇದ್ದರೆ ಎರಡೂ ಒಂದೇ ಅಚ್ಚಿನ ಮಕ್ಕಳು. ಆದರೆ ಬಿರುಕು ಕಾಲಕ್ರಮದಲ್ಲಿ ಬೆಳೆಯುತ್ತದೆ. ಮರುಅಚ್ಚಿನಲ್ಲಿ ಅದೇ ಬಿರುಕು ಇನ್ನೂ ಉದ್ದ, ಇನ್ನೂ ದಪ್ಪ ಇರುತ್ತದೆ. ಆದ್ದರಿಂದ ಬಿರುಕು ‘ಇದೆ’ ಎಂದಷ್ಟೇ ಬರೆಯದೆ ಎಲ್ಲಿಂದ ಎಲ್ಲಿಯವರೆಗೆ ಎಂದೂ ಬರೆಯಿರಿ.

ಎರಕ ಹೊಯ್ದ ಖೋಟಾ ಇದಕ್ಕೆ ತದ್ವಿರುದ್ಧ. ಅಸಲಿಯ ಮೇಲೆಯೇ ಮಣ್ಣೋ ರಬ್ಬರೋ ಒತ್ತಿ ಪಡಿಯಚ್ಚು ತೆಗೆದಿರುತ್ತಾರೆ. ಅಸಲಿಗೆ ಬಿದ್ದ ಗೀರೂ ನಕಲಾಗಿರುತ್ತದೆ, ಆದರೆ ಅದರ ಅಂಚು ಮೊಂಡು, ಒಳಗೆಲ್ಲ ಲೇಪ ತುಂಬಿರುತ್ತದೆ. ಸೂಜಿಮೊನೆಯಷ್ಟು ಗುಳ್ಳೆಗಳ ಗುಳಿ ಕಾಣುತ್ತವೆ. ಕಾದ ಲೋಹ ತಣಿದಾಗ ಕುಗ್ಗುವುದರಿಂದ ಅಳತೆಯೂ ಸಣ್ಣದು; 42 ಮಿ.ಮೀ. ಅಗಲದ ಶಿಲುಬೆಯಲ್ಲಿ ನೂರಕ್ಕೆ ಒಂದೆರಡು ಭಾಗ ಎಂದರೂ ಸುಮಾರು 0.4ರಿಂದ 0.8 ಮಿಲಿಮೀಟರಿನವರೆಗೆ ವ್ಯತ್ಯಾಸ. ಸ್ಕೇಲಿಗೆ ಸಿಕ್ಕದು, ವರ್ನಿಯರ್ ಬೇಕು. ಹೋಲಿಸುವುದು ಅದೇ ತಯಾರಕರ ಅಸಲಿಯ ಜೊತೆ ಮಾತ್ರ. ತಯಾರಕರ ನಡುವೆಯೇ ಅಳತೆ ಅಷ್ಟಿಷ್ಟು ಏರುಪೇರು.

ಆಯಸ್ಕಾಂತ ಸಾಲದು. ಅಸಲಿ ಶಿಲುಬೆಯಲ್ಲಿ ಮೂರು ತುಂಡು: ನಡುವೆ ಕಪ್ಪು ಬಣ್ಣದ ಕಬ್ಬಿಣದ ತಿರುಳು, ಎದುರು-ಬೆನ್ನಿಗೆ ಎರಡು ಅರೆಚೌಕಟ್ಟು, ಅವೆರಡನ್ನೂ ಅಂಚಿನುದ್ದಕ್ಕೂ ಬೆಸೆದಿರುತ್ತಾರೆ. ಆದರೆ ಕಬ್ಬಿಣವಲ್ಲದ ತಿರುಳಿನ ಅಸಲಿಗಳೂ ಇವೆ, ಅವು ಅಂಟುವುದಿಲ್ಲ. ಖೋಟಾ ಮಾಡುವವರಿಗೂ ಕಬ್ಬಿಣ ದುಬಾರಿಯಲ್ಲ. ಮೊದಲು ಪದಕದ ಏಣನ್ನು ನೋಡಿ. ಸುತ್ತಲೂ ಬೆಸುಗೆಯ ಸಣ್ಣ ಗೆರೆ ಇಲ್ಲದೆ ಒಂದೇ ತುಂಡಾಗಿ ಕಂಡರೆ, ತಿರುಳಿಗೂ ಚೌಕಟ್ಟಿಗೂ ನಡುವೆ ಸಂದಿಯೇ ಇಲ್ಲದೆ ಬಣ್ಣ ಮಾತ್ರ ಬೇರೆ ಬಳಿದಿದ್ದರೆ, ಆಯಸ್ಕಾಂತ ಹುಡುಕುವ ಅಗತ್ಯವೇ ಬೀಳುವುದಿಲ್ಲ.

ಅಂದಹಾಗೆ ಬೆನ್ನ ಮೇಲಿನ ‘1813’ ನೋಡಿ ಅಷ್ಟು ಹಳೆಯದು ಎಂದು ಬರೆಯುವುದನ್ನು ಕಂಡಿದ್ದೇನೆ. ಅದು ಶಿಲುಬೆ ಮೊದಲು ಸ್ಥಾಪನೆಯಾದ ವರ್ಷ. 1870, 1914, 1939ರವುಗಳ ಬೆನ್ನಲ್ಲೂ ಇರುತ್ತದೆ. ಕಾಲ ಹೇಳುವುದು ಎದುರು ಬದಿಯ ಅಂಕಿ.

ಮತ್ತೊಬ್ಬರು:

ಇಬ್ಬರಿಗೂ ನಮಸ್ಕಾರ. ‘ಪದಕ’, ‘ಬಿಲ್ಲೆ’ ಎರಡನ್ನೂ ಬೇರೆ ಇಡಬೇಕೆಂದು ನನ್ನ ಕೋರಿಕೆ. ರಿಬ್ಬನ್ನಿನಲ್ಲಿ ತೂಗುವುದು ಪದಕ. 1918ರ ಮಾರ್ಚ್‌ನಲ್ಲಿ ಜರ್ಮನ್ ಚಕ್ರವರ್ತಿ ಕೈಸರ್ ಸ್ಥಾಪಿಸಿದ ಗಾಯದ ಗುರುತು ರಿಬ್ಬನ್ ಇಲ್ಲದೆ ಸೂಜಿಯಿಂದ ಅಂಗಿಗೆ ಚುಚ್ಚುವಂಥದು, ಜವಾನರ ಬಿಲ್ಲೆಯ ಹಾಗೆ. ಅದು ‘ಗಾಯದ ಬಿಲ್ಲೆ’: ಒಂದೆರಡು ಗಾಯಕ್ಕೆ ಕಪ್ಪು, ಮೂರು ನಾಲ್ಕಕ್ಕೆ ಬೆಳ್ಳಿ ಬಣ್ಣ, ಐದು ಅಥವಾ ಅದಕ್ಕೂ ಹೆಚ್ಚಿದ್ದರೆ ಚಿನ್ನದ ಬಣ್ಣ.

1939ರ ಶಿಲುಬೆಯ ನಡುವಿನ ಚಿಹ್ನೆಗೆ ‘ಸ್ವಸ್ತಿಕ’ ಎಂದು ಬರೆಯಲು ಮನಸ್ಸು ಒಪ್ಪದು. ಜರ್ಮನ್ನರೇ ಅದನ್ನು ‘ಹಾಕೆನ್‌ಕ್ರೊಯ್ಟ್ಸ್’ ಎನ್ನುತ್ತಾರೆ, ಕೊಕ್ಕೆಯ ಶಿಲುಬೆ. ಹೊಸ್ತಿಲ ಮೇಲೆ ನಾವು ಬರೆಯುವುದನ್ನು ಅದರ ಜೊತೆ ಒಂದೇ ಪದದಲ್ಲಿ ಕಟ್ಟುವುದು ಬೇಡ. ‘ಕೊಕ್ಕೆ ಶಿಲುಬೆ’ ಚೆನ್ನಾಗಿದೆ. ಜರ್ಮನಿಯಲ್ಲಿ ಅದರ ಸಾರ್ವಜನಿಕ ಪ್ರದರ್ಶನಕ್ಕೆ ದಂಡಸಂಹಿತೆಯ 86ಎ ವಿಧಿಯ ನಿಷೇಧ ಇರುವುದರಿಂದ ಮಾರುವವರು ಫೋಟೊದಲ್ಲಿ ನಡುಭಾಗ ಮುಚ್ಚಿರುತ್ತಾರೆ. ಅಚ್ಚಿನ ಸೂಕ್ಷ್ಮ ಅಲ್ಲಿ ಕಾಣದು. ಏಣಿನದು, ಬಳೆಯದು, ಬೆನ್ನಿನ ‘1813’ರದು ಎಂದು ಮೂರು ಫೋಟೊ ಬೇರೆ ಕೇಳಿ ತರಿಸಿಕೊಳ್ಳಬೇಕು.

ರಿಬ್ಬನ್ನಿಗೆ ‘ಪಟ್ಟಿ’ ಸಾಕು. ಅದನ್ನು ಕತ್ತಲಲ್ಲಿ ನೇರಳಾತೀತ ದೀಪಕ್ಕೆ ಹಿಡಿದಾಗ ಬಿಳಿ ನೂಲು ನೀಲಿಯಾಗಿ ಹೊಳೆದರೆ ಬಟ್ಟೆಗೆ ಈಚಿನ ಬಿಳುಪುಕಾರಕ ಹಾಕಿದೆ ಎಂದರ್ಥ. ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಹಳೆಯದೂ ಹೊಳೆಯುತ್ತದೆ, ಹಾಗಾಗಿ ಅಂಚಿನ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಹತ್ತಿ ಬೂದಿಯಾಗುತ್ತದೆ, ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಟ್ಟಿ ಹೊಸದಾದ ಮಾತ್ರಕ್ಕೆ ಪದಕ ಖೋಟಾ ಅಲ್ಲ. ಸವೆದ ಪಟ್ಟಿಯನ್ನು ಬದಲಿಸುವುದು ವಾಡಿಕೆ. ಅಂಥದ್ದನ್ನು ‘ಪಟ್ಟಿ ಬದಲಾಗಿದೆ’ ಎಂದು ಬರೆದರೆ ಆಯಿತು, ‘ಕಲಬೆರಕೆ’ ಎನ್ನಬೇಕಿಲ್ಲ.