ಕತ್ತಿ, ಸಿಂಹಾಸನ ಬಿಟ್ಟು ಬೇರೆ ಥರದ ಮ್ಯೂಸಿಯಂ ಹೇಳಿ

ಕೇಳಿದವರು:
ರಜೆಗೆ ಹನ್ನೆರಡು ವರ್ಷದ ಮಗಳ ಜೊತೆ ಸುತ್ತಾಡೋಣ ಅಂತಿದ್ದೇನೆ. ಅರಮನೆ, ಕತ್ತಿ, ಫಿರಂಗಿ ನೋಡಿ ಅವಳಿಗೆ ಸಾಕಾಗಿದೆ. "ಇದನ್ನೂ ಕೂಡಿಡ್ತಾರಾ!" ಅನ್ನಿಸುವಂಥದ್ದು ನೀವು ನೋಡಿದ್ದರೆ ಹೇಳಿ.

ಬೆಂಗಳೂರಿನಿಂದ:
ನಿಮ್ಹಾನ್ಸ್‌ನ ಮಿದುಳಿನ ಮ್ಯೂಸಿಯಂ ನೋಡಿದ್ದೀರಾ? 300ಕ್ಕೂ ಹೆಚ್ಚು ಮಿದುಳುಗಳಿವೆ. ಪಾರ್ಶ್ವವಾಯು ಹೊಡೆದದ್ದು, ಗಡ್ಡೆ ಬೆಳೆದದ್ದು, ಅಪಘಾತದಲ್ಲಿ ಪೆಟ್ಟು ಬಿದ್ದದ್ದು. ಕೊನೆಗೆ ಕೈಗೆ ಗ್ಲೌಸ್ ಹಾಕಿಸಿ ನಿಜವಾದ ಮಿದುಳು ಕೊಡ್ತಾರೆ. ಬೆಣ್ಣೆ ಥರ ಮೆತ್ತಗಿರುತ್ತೆ ಅಂದುಕೊಂಡಿದ್ದೆ, ಆದರೆ ಫಾರ್ಮಲಿನ್‌ನಲ್ಲಿಟ್ಟಿದ್ದರಿಂದ ಗಟ್ಟಿಯಾಗಿತ್ತು, ತಣ್ಣಗಿತ್ತು, ಒಬ್ಬ ಮನುಷ್ಯನ ಇಡೀ ನೆನಪು ಇದರೊಳಗೇ ಇತ್ತಲ್ವಾ ಅನ್ನಿಸಿ ನಾನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಹೆಲ್ಮೆಟ್ ಬಗ್ಗೆ ನನ್ನ ಮಗನಿಗೆ ಆಮೇಲೆ ಹೇಳಬೇಕಾಗಿ ಬಂದಿಲ್ಲ. ಯಾವತ್ತು ಬಿಡ್ತಾರೆ, ಮಕ್ಕಳನ್ನು ಬಿಡ್ತಾರಾ ಅಂತ ಫೋನ್ ಮಾಡಿಯೇ ಹೋಗಿ.

ಶಿರಸಿಯಿಂದ:
ನನ್ನ ಓಟು ಪುಣೆಯ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂಗೆ. ಅಲ್ಲಿ 'ರಾಜಾ' ಅಂದರೆ ಅರಸ ಅಲ್ಲ, ಚಿಕ್ಕ ವಯಸ್ಸಲ್ಲೇ ತೀರಿಕೊಂಡ ಮಗನ ಹೆಸರು. ಅವನ ನೆನಪಿಗೆ ಅಪ್ಪ ಊರೂರು ತಿರುಗಿ ಕೂಡಿಟ್ಟದ್ದು ಸುಮಾರು 20,000 ವಸ್ತು, 1975ರಲ್ಲಿ ಎಲ್ಲವನ್ನೂ ಸರ್ಕಾರಕ್ಕೆ ಕೊಟ್ಟುಬಿಟ್ಟರು. ದೀಪ, ಬೀಗ, ಹುಕ್ಕಾ, ಕಾಲುಜ್ಜುವ ಹಿತ್ತಾಳೆ ಸಾಮಾನು, ಎಲ್ಲ ಮನೆಯದೇ. ನಾನು ಅಡಿಕೆ ಸೀಮೆಯವಳು, ಅಡಕತ್ತರಿಯ ಕಪಾಟಿನ ಮುಂದೆ ನಿಂತವಳು ಕದಲಲೇ ಇಲ್ಲ. ಕುದುರೆ, ಹಕ್ಕಿ, ಗಂಡು ಹೆಣ್ಣಿನ ಜೋಡಿ, ಏನೆಲ್ಲಾ ಆಕಾರ! ನಮ್ಮಜ್ಜಿ ಕವಳದ ಬಟ್ಟಲಲ್ಲಿಟ್ಟಿದ್ದ ಕಬ್ಬಿಣದ ಅಡಕತ್ತರಿಯನ್ನು ಹಿತ್ತಲ ಗುಜರಿಗೆ ಹಾಕಿದ್ದು ನೆನಪಾಗಿ ಸಂಕಟವಾಯಿತು. ಅರ್ಧ ದಿನ ಇಟ್ಟುಕೊಳ್ಳಿ, ಅವಸರದಲ್ಲಿ ನೋಡೋ ಜಾಗ ಅಲ್ಲ.

ದೆಹಲಿಯಲ್ಲಿರುವ ಕನ್ನಡಿಗ:
ಈ ಕಡೆ ಬಂದರೆ ಸುಲಭ್ ಶೌಚಾಲಯ ಮ್ಯೂಸಿಯಂ. ಬಿಂದೇಶ್ವರ ಪಾಠಕ್ 1992ರಲ್ಲಿ ಶುರು ಮಾಡಿದ್ದು. ದಪ್ಪ ಪುಸ್ತಕ ಪೇರಿಸಿಟ್ಟ ಹಾಗೆ ಕಾಣೋ ಕಮೋಡ್, ಫ್ರಾನ್ಸಿನ 14ನೇ ಲೂಯಿಯ ಸಿಂಹಾಸನದ ನಕಲು (ಅದರ ಕೆಳಗೂ ಕಮೋಡೇ!) ನೋಡಿ ಮಗಳು ನಗ್ತಾಳೆ. ಆದರೆ ಹೊರಗಿರುವ ಎರಡು ಗುಂಡಿಯ ಶೌಚಾಲಯಗಳನ್ನು ಬಿಡಬೇಡಿ. ಒಂದು ಗುಂಡಿ ತುಂಬಿದರೆ ಇನ್ನೊಂದಕ್ಕೆ ತಿರುಗಿಸೋದು, ಮೊದಲನೆಯದು ಅಲ್ಲೇ ಗೊಬ್ಬರವಾಗುತ್ತೆ. ಮಲ ಹೊರುವ ಕೆಲಸ ಯಾರ ತಲೆ ಮೇಲೂ ಇರಬಾರದು ಅಂತ ಮಾಡಿದ್ದು ಅದು. ಮಗಳಿಗೆ ಇದನ್ನು ಬಿಡಿಸಿ ಹೇಳಿ, ಅವಳ ವಯಸ್ಸಿಗೆ ಅರ್ಥವಾಗುತ್ತೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮೊದಲು ನಿಮ್ಹಾನ್ಸ್‌ಗೆ ಫೋನ್ ಮಾಡ್ತೇನೆ, ಆಮೇಲೆ ಪುಣೆ. ಶಿರಸಿಯವರೇ, ಅಲ್ಲಿ ಫೋಟೋ ತೆಗೆಯೋಕೆ ಬಿಡ್ತಾರಾ? ಅಡಕತ್ತರಿಗಳನ್ನು ನಮ್ಮಮ್ಮನಿಗೂ ತೋರಿಸಬೇಕು.