ಸೀಟು, ಸಾಲ, ತೆಂಗಿನ ತೋಟ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಶಿಕ್ಷಣ ಸಾಲ ನೋಡ್ಕೊಂಡು ನಿವೃತ್ತರಾದ ಮ್ಯಾನೇಜರ್ ಸಾರ್ ಇವತ್ತು ಗ್ರೂಪಲ್ಲಿದ್ದಾರೆ. ಕೇಳಿ.

ದಾವಣಗೆರೆ ಅಮ್ಮ: ಅಡ ಇಲ್ದೆ ಎಷ್ಟು ಸಾಲ ಸಿಗುತ್ತೆ ಸಾರ್?

ಮ್ಯಾನೇಜರ್: 7.5 ಲಕ್ಷದವರೆಗೆ ಆಸ್ತಿ ಅಡ ಬೇಡಮ್ಮ. ಅಪ್ಪನೋ ಅಮ್ಮನೋ ಜೊತೆಗೆ ಸಹಿ ಹಾಕ್ಬೇಕು.

ತಿಪಟೂರು ತಂದೆ: ಮಗಳಿಗೆ ಸಿಇಟಿಯಲ್ಲಿ ಸರ್ಕಾರಿ ಕಾಲೇಜಲ್ಲಿ ಸಿವಿಲ್ ಸಿಕ್ಕಿದೆ. ಕಂಪ್ಯೂಟರ್ ಸೈನ್ಸೇ ಬೇಕು ಅಂತ ಊಟ ಬಿಟ್ಟಿದಾಳೆ. ಬೆಂಗಳೂರಲ್ಲಿ ಮ್ಯಾನೇಜ್‌ಮೆಂಟ್ ಸೀಟಿಗೆ 18 ಲಕ್ಷ, ಅದ್ರಲ್ಲಿ 8 ಕ್ಯಾಶು. ತೋಟ ಒಂದೆಕರೆ ಮಾರಿ, ಮಿಕ್ಕ 10ಕ್ಕೆ ಸಾಲ ಮಾಡ್ಲಾ?

ಮ್ಯಾನೇಜರ್: ತಡೀರಿ ಯಜಮಾನ್ರೇ. ಆ 8 ಲಕ್ಷ ಕ್ಯಾಪಿಟೇಶನ್, ಅಂದ್ರೆ ಸೀಟಿಗೋಸ್ಕರ ಫೀಸಿನ ಮೇಲೆ ಕೇಳೋ ದುಡ್ಡು. 1984ರಿಂದ ನಮ್ಮ ರಾಜ್ಯದಲ್ಲಿ ಅದು ಕಾನೂನುಬಾಹಿರ. ರಸೀದಿ ಇರಲ್ಲ, ನಾಳೆ ಸೀಟು ಕೈಕೊಟ್ರೆ ಕೇಳೋಕೆ ಬಾಯೂ ಇರಲ್ಲ. ಸಾಲ 7.5 ದಾಟಿದ್ರೆ ಸಾಮಾನ್ಯವಾಗಿ ಮನೆ ಪತ್ರ ಕೇಳ್ತಾರೆ. ಓದೋವಾಗ ಕಂತು ಇಲ್ಲ ನಿಜ, ಬಡ್ಡಿ ಓಡ್ತಾನೇ ಇರುತ್ತೆ. ಅದನ್ನ ಬಿಟ್ಟೇ ಲೆಕ್ಕ ಹಾಕಿ: 10 ಲಕ್ಷ, ಶೇ. 10 ಬಡ್ಡಿ, 10 ವರ್ಷ, ತಿಂಗಳಿಗೆ ಸುಮಾರು 13,200. ಮೊದಲ ಸಂಬಳ 25 ಸಾವಿರ ಬಂದ್ರೆ ಪಿಜಿ ಬಾಡಿಗೆ ಕಟ್ಟಿ ಏನುಳಿಯುತ್ತೆ? ಸಿಇಟಿ ಸೀಟಿಗೆ ಛಾಯ್ಸ್-2 ಹಾಕ್ಸಿ. ಮುಂದಿನ ಸುತ್ತಲ್ಲಿ ಮೇಲಿನ ಆಪ್ಷನ್ ಸಿಕ್ರೆ ಸಿಕ್ತು, ಇಲ್ದಿದ್ರೆ ಸಿವಿಲ್ ಕೈಲಿರುತ್ತೆ. ಫಲ ಬಿಡೋ ಮರ ಮಾರಿದ್ರೆ ಮತ್ತೆ ಸಸಿ ನೆಟ್ಟು ಆರೇಳು ವರ್ಷ ಕಾಯ್ಬೇಕು, ನಿಮಗೆ ನಾನು ಹೇಳ್ಬೇಕಾ?

ಮೈಸೂರು ಸದಸ್ಯ: 🙏ಫಾರ್ವರ್ಡ್: ಎಲ್ಲಾ ಶಿಕ್ಷಣ ಸಾಲ ಮನ್ನಾ! ಲಿಂಕ್ ಒತ್ತಿ, ಆಧಾರ್ ಹಾಕಿ.

ಮ್ಯಾನೇಜರ್: ಸುಳ್ಳು. ಒತ್ತಬೇಡಿ. ಒಟಿಪಿ ಕೊಟ್ಟು ಖಾತೆ ಖಾಲಿ ಮಾಡ್ಕೊಂಡು ನನ್ನ ಮುಂದೆ ಅತ್ತೋರನ್ನ ನೋಡಿದೀನಿ.

ರಾಯಚೂರು ಹುಡುಗಿ: ಸಾರ್, ನರ್ಸಿಂಗಿಗೂ ಸಾಲ ಕೊಡ್ತಾರೇನ್ರಿ?

ಹುಬ್ಬಳ್ಳಿ ಕಾಕಾ: ಡಿಗ್ರಿನೇ ದಂಡ. ನಮ್ಮ ಓಣಿ ಐಟಿಐ ಎಲೆಕ್ಟ್ರಿಷಿಯನ್ ಎಂಜಿನಿಯರ್‌ಗಿಂತ ಜಾಸ್ತಿ ದುಡೀತಾನ.

ಮಂಗಳೂರು ಲೆಕ್ಚರರ್: ನಿಮ್ಮ ಮಗನನ್ನು ಐಟಿಐಗೆ ಸೇರಿಸಿದ್ದೀರಾ?

ಹುಬ್ಬಳ್ಳಿ ಕಾಕಾ: ಅಂವಾ ಎಂಬಿಎ. ಅದಕ್ಕ ಹೇಳಾಕತ್ತೀನಿ!

ಮಂಗಳೂರು ಲೆಕ್ಚರರ್: ಬೇರೆಯವರ ಮಕ್ಕಳಿಗೆ ಮಾತ್ರ ಉಪದೇಶ.

ಹುಬ್ಬಳ್ಳಿ ಕಾಕಾ: ನಿಮ್ಮ ಪಗಾರ ನಿಂತಿರೋದ ಅವ್ರ ಫೀಸಿನ ಮ್ಯಾಲ, ಮಾತಾಡ್ತೀರಿ ಬಿಡ್ರಿ.

ಅಡ್ಮಿನ್: ಇಬ್ಬರೂ ಸುಮ್ನಿರಿ.

ಹಾಸನ ಸದಸ್ಯ: ಅಡ ಇಲ್ದೆ ಎಷ್ಟು ಸಿಗುತ್ತೆ ಸಾರ್?

ಮ್ಯಾನೇಜರ್: ಮೇಲೆ ಓದಿ.

ಹಾಸನ ಸದಸ್ಯ: ತೆರಿಗೆ ವಿನಾಯಿತಿ?

ಮ್ಯಾನೇಜರ್: ಇದೆ. ಬಡ್ಡಿಗೆ ಮಾತ್ರ. ಹಳೇ ತೆರಿಗೆ ಪದ್ಧತಿಯಲ್ಲಿದ್ರೆ.

ತುಮಕೂರು ಸದಸ್ಯ: ಮನ್ನಾ ಲಿಂಕ್ ಓಪನ್ ಆಗ್ತಿಲ್ಲ, ಮತ್ತೆ ಕಳ್ಸಿ.

ಮ್ಯಾನೇಜರ್: ಅಡ್ಮಿನ್ ಅವರೇ, ನಾನು ಬರೆದದ್ದು ಯಾರಿಗಾದ್ರೂ ಕಾಣ್ತಿದೆಯಾ?

ತಿಪಟೂರು ತಂದೆ: ಸಾರ್, ಬ್ರೋಕರ್‌ಗೆ ಶುಕ್ರವಾರವೇ 50 ಸಾವಿರ ಕೊಟ್ಟಿದೀನಿ.

ಮ್ಯಾನೇಜರ್: ರಸೀದಿ?

ತಿಪಟೂರು ತಂದೆ: ವಿಸಿಟಿಂಗ್ ಕಾರ್ಡ್ ಹಿಂದೆ ಬರ್ಕೊಟ್ಟಿದಾನೆ.

ಮ್ಯಾನೇಜರ್: ನನಗೆ ಫೋನ್ ಮಾಡಿ. ಈಗಲೇ.