ಅಜ್ಜಿಯನ್ನ ಓದು ಬಲ್ಲಾಕಿ ಅಂತ ಬರೆಸಿದ್ದು ಯಾರು?

ಮೊನ್ನೆ ಐತವಾರ ನಮ್ಮ ಮನೆತನದ ವಾಟ್ಸಾಪ್ ಗುಂಪಿನಾಗ ಆದ ಜಗಳ ಇದು. ಮದುವಿ ಸುದ್ದಿ, ಹತ್ತಿ ರೇಟು ಬಿಟ್ರ ಬ್ಯಾರೆ ಮಾತಿಗೆ ಇಷ್ಟು ಮೆಸೇಜು ಬಂದಿದ್ದು ನಾ ಕಂಡಿಲ್ಲ. ಗುಡ್ ಮಾರ್ನಿಂಗ್ ಹೂವಿನ ಚಿತ್ರ ತೆಗೆದು ಉಳಿದದ್ದು ಹಾಕೀನಿ. ಹೆಸರು ನನ್ನ ಫೋನಿನಾಗ ಸೇವ್ ಆದಂಗ.

ದೊಡ್ಡ ಕಾಕಾ: (ಒಂದು ಚಿತ್ರ. ತ್ರಿವರ್ಣದ ನಡುವೆ ಪಾಟಿ ಹಿಡಿದ ಹುಡುಗಿ. "ಪ್ರಾಥಮಿಕ ದಾಖಲಾತಿ 100% ದಾಟಿದ ಭಾರತ! ಜಗತ್ತಿನ ಶಿಕ್ಷಣ ಗುರಿ ಮುಟ್ಟಿಯೇ ಬಿಟ್ಟೆವು! ಹತ್ತು ಜನಕ್ಕೆ ಕಳಿಸಿ.") ಹೆಮ್ಮೆಯ ಸುದ್ದಿ. ಎಲ್ಲರೂ ಓದ್ರಿ.

ಸಿಂಧನೂರು ಅತ್ತಿ: (ಕೈ ಮುಗಿದ ಚಿತ್ರ, ಆರು ಸಲ)

ತಮ್ಮ ಬೆಂಗಳೂರು: ಕಾಕಾ, ನೂರಕ್ಕ ನೂರು ಆಗಬಹುದು. ನೂರು ದಾಟೋದು ಹೆಂಗ್ರಿ? ಊರಾಗ ನೂರು ಹುಡುಗ್ರಿದ್ರ ನೂರಾಮೂರು ಮಂದಿ ಸಾಲಿಗೆ ಹೋಗ್ತಾರೇನು?

ದೊಡ್ಡ ಕಾಕಾ: ಅದು ಸರಕಾರ ಎಲ್ಲಾ ಸಾಲಿಗಳಿಂದ ವರ್ಷಾ ತಗೊಳ್ಳೋ ಯುಡೈಸ್ ಲೆಕ್ಕ. 2021-22ರಾಗ 103 ಚಿಲ್ಲರೆ. ನಾ ಏನು ಕೈಯಿಂದ ಹಾಕಿಲ್ಲ.

ತಮ್ಮ ಬೆಂಗಳೂರು: ಲೆಕ್ಕ ಖರೇನೇ ಐತ್ರಿ. ಆದ್ರ ಅದು ಒಟ್ಟು ದಾಖಲಾತಿ. ಐದನೇ ಕ್ಲಾಸಿನಾಗ ಹದಿಮೂರು ವರ್ಷದಾಂವ ಕುಂತಿದ್ರೂ ಎಣಿಸ್ತಾರ. ಭಾಗಿಸೋವಾಗ ಮಾತ್ರ ಪ್ರಾಥಮಿಕ ಓದೋ ವಯಸ್ಸಿನ ಹುಡುಗ್ರಷ್ಟೇ. ಅದಕ್ಕ ನೂರು ದಾಟ್ತೈತಿ. ಆಮ್ಯಾಲ ಒಂದೊಂದು ಮಗುವಿನ ಹೆಸರು ಹಿಡಿದು ಎಣಿಸಾಕ ಹತ್ತಿದ್ರು. 2023-24ಕ್ಕ ದೇಶದ ದಾಖಲಾತಿ ಒಂದು ಕೋಟಿಗಿಂತ ಜಾಸ್ತಿ ಕೆಳಗ ಬಂತು. ಎಣಿಸೋ ರೀತಿ ಬದಲಾಗೈತಿ, ಹಳೇದಕ್ಕ ಹೋಲಿಸಬ್ಯಾಡ್ರಿ ಅಂತ ಅವರೇ ಹೇಳಿದ್ರು.

ದೊಡ್ಡ ಕಾಕಾ: ದೇಶದ ಒಳ್ಳೇದು ಕಂಡ್ರ ನಿನಗ ಹೊಟ್ಟಿಯಾಗ ಮೆಣಸಿನಕಾಯಿ.

ಅಕ್ಕ ದೇವದುರ್ಗ: ದಾಖಲಾತಿ ಅಂದ್ರ ಹೆಸರು ಕಾಕಾ, ಹುಡುಗ್ರಲ್ಲ. ನನ್ನ ಐದನೇ ಕ್ಲಾಸಿನ ಹಾಜರಿ ಪುಸ್ತಕದಾಗ ಮೂವತ್ತೊಂದು ಹೆಸರು. ದೀಪಾವಳಿ ಮುಗದ ಮ್ಯಾಲ ಕೂಡೋರು ಹದಿನೆಂಟು. ಉಳಿದವರು ಹತ್ತಿ ಬಿಡಸಾಕ, ಇಲ್ಲಂದ್ರ ಅವ್ವ ಅಪ್ಪನ ಜೋಡಿ ಬೆಂಗಳೂರಿಗೆ ಗುಳೆ. ಮೊಟ್ಟಿ ಕೊಡೋ ದಿನ ಇಪ್ಪತ್ತೈದಕ್ಕ ಏರ್ತೈತಿ. ಹೋದ ಸೋಮವಾರ ಒಬ್ಬಾಕಿ ಬಂದಿದ್ಲು. ಹತ್ತಿಕಾಯಿ ಸಿಪ್ಪಿ ಚುಚ್ಚಿ ಉಗುರಿನ ಸುತ್ತ ಗೆರಿ ಗೆರಿ. "ಪೆನ್ನು ಹಿಡದ್ರ ಉರೀತೈತ್ರಿ ಟೀಚರ್" ಅಂದ್ಲು. ನಿಮ್ಮ ನೂರಾಮೂರರಾಗ ಆಕಿನೂ ಬರ್ತಾಳ.

(ಇಲ್ಲಿ ಒಂದ್ ತಾಸು ಯಾರೂ ಏನೂ ಬರೀಲಿಲ್ಲ. ಕಾಕಾ ಆನ್‌ಲೈನ್ ಇದ್ರು.)

ದೊಡ್ಡ ಕಾಕಾ: ಅದು ನಿಮ್ಮ ಸಾಲಿ ಸಮಸ್ಯೆ. ಜಗತ್ತಿನ ಗುರಿ ಮುಟ್ಟೀವೋ ಇಲ್ಲೋ, ಅದಷ್ಟು ಹೇಳ್ರಿ.

ತಮ್ಮ ಬೆಂಗಳೂರು: ಆ ಗುರಿ 2015ರಾಗ ವಿಶ್ವಸಂಸ್ಥೆಯಾಗ 193 ದೇಶ ಸೇರಿ ಒಪ್ಪಿದ್ದು, ಗಡುವು 2030. ಅದರಾಗ ಬರೇ ಹೆಸರು ಹಚ್ಚಿದ್ರ ಸಾಲಂಗಿಲ್ಲ ಕಾಕಾ. ಗಂಡು ಹೆಣ್ಣು ಎಲ್ಲಾ ಹುಡುಗ್ರು ಪ್ರೌಢಶಿಕ್ಷಣದ ತನಕ ಪುಕ್ಕಟೆ ಓದಿ ಮುಗಿಸಬೇಕು, ಕಲಿತಿರಬೇಕು. ಎರಡು-ಮೂರನೇ ಕ್ಲಾಸಿಗೊಮ್ಮೆ, ಪ್ರಾಥಮಿಕ ಮುಗದ ಮ್ಯಾಲೊಮ್ಮೆ, ಅದರ ಮುಂದಿನ ಹಂತಕ್ಕೊಮ್ಮೆ ಓದು, ಲೆಕ್ಕ ಎಷ್ಟು ಮಂದಿಗೆ ಬರ್ತೈತಿ ಅಂತ ನೋಡ್ತಾರ. ನಡುವೆ 2025ಕ್ಕ ಎಲ್ಲಿರ್ತೀವಿ, 2030ಕ್ಕ ಎಲ್ಲಿರ್ತೀವಿ ಅಂತ ಪ್ರತಿ ದೇಶ ತನ್ನ ಗೆರಿ ತಾನೇ ಹೇಳಬೇಕು ಅಂತ ಆತು. ಯುನೆಸ್ಕೋದವರು ಅದನ್ನ ಹಿಡಿದು ವರ್ಷಾ ವರ್ಷಾ ಕೇಳ್ತಾರ.

ಮಾಮಾ ರೈಸ್ ಮಿಲ್: ತನ್ನ ಗೆರಿ ತಾನೇ? ಇದು ನನ್ನ ಮಿಲ್ಲಿನ ತೂಕದ ಕಾಟಾಕ್ಕ ನಾನೇ ಸೀಲ್ ಹೊಡಕೊಂಡಂಗಾತು.

ಮಾಮಾ ಅಪರೂಪಕ್ಕ ಬರೀತಾರ, ಬರದ್ರ ಹಿಂಗ. ಆದ್ರ ಇದಕ್ಕ ಉತ್ತರ ನನ್ನ ಕಡೆ ಇತ್ತು, ಅದಕ್ಕ ನಾನೂ ಇಳದೆ.

ನಾನು: ಮಾಮಾ, ನಿಂತ ಜಾಗ ಒಂದೇ ಇಲ್ಲಲ್ರಿ. 2011ರ ಜನಗಣತಿಯಾಗ ದಕ್ಷಿಣ ಕನ್ನಡದ ಸಾಕ್ಷರತೆ 88.57, ನಮ್ಮ ರಾಯಚೂರು 59.56. ಗೆರಿ ಒಂದೇ ಇಟ್ರ ಮಂಗಳೂರಿನವರು ಕುಂತಲ್ಲೇ ಗೆಲ್ತಾರ. ಆದ್ರ ಅದರ ಹಿಂದಿನ ಹತ್ತು ವರ್ಷದಾಗ ಅವರು ಏರಿದ್ದು 5 ಅಂಕ, ನಾವು 48.81ರಿಂದ ಏರಿದ್ದು ಹತ್ತಿರ ಹತ್ತಿರ 11. ಎಷ್ಟು ದೂರ ನಡದ್ರು ಅನ್ನೋದನ್ನೂ ಅಳೀಬೇಕಲ್ಲ.

ದೊಡ್ಡ ಕಾಕಾ: ಶಾಬಾಸ್! ಇದನ್ನೇ ನಾ ಹೇಳಿದ್ದು. ನಮ್ಮ ಜಿಲ್ಲಾದವರು ಹಿಂದ ಬಿದ್ದಿಲ್ಲ.

ನಾ ಹೇಳಿದ್ದು ಕಾಕಾ ಹೇಳಿದ್ದಲ್ಲ. ಆದ್ರ ಅದನ್ನ ಬರಿಯೋದ್ರಾಗ ಅತ್ತಿ ಬಂದ್ರು. ಅವರದು ವಾಯ್ಸ್ ಮೆಸೇಜು, ಹಿಂದ ಕುಕ್ಕರ್ ಸೀಟಿ.

ಸಿಂಧನೂರು ಅತ್ತಿ: ಅಣ್ಣಾ, ಆ ಐವತ್ತೊಂಬತ್ತರಾಗ ನಮ್ಮವ್ವನೂ ಅದಾಳಲ್ಲ. ಆಕಿಗೆ ಓದಾಕ ಬರೀಲಿಕ್ಕ ಬರ್ತೈತಿ ಅಂತ ಬರೆಸಿದಾಂವ ನೀನೇ.

ಇದು ಖರೆ. 2011ರಾಗ ನಾನೂ ಪಡಸಾಲಿಯಾಗೇ ಇದ್ದೆ. ಗಣತಿಗೆ ಬಂದ ಮಾಸ್ತರು ಮೊಣಕಾಲ ಮ್ಯಾಲ ಫಾರ್ಮ್ ಇಟಗೊಂಡು ಅಜ್ಜಿ ಕಡೆ ಕೈ ಮಾಡಿ, "ಇವರಿಗೆ ಓದು ಬರಹ?" ಅಂದ್ರು. ಅಜ್ಜಿ ಬಾಯಿ ತೆಗಿಯೋದ್ರಾಗ ಕಾಕಾ "ಬರ್ತೈತಿ, ಬರಕೊಳ್ರಿ" ಅಂದ್ಬಿಟ್ರು. ಅಜ್ಜಿಗೆ ಬರ್ತಿದ್ದಿದ್ದು ಪಾಸ್‌ಬುಕ್ಕಿನ ಸಹಿ ಒಂದೇ. ಮೂರು ಅಕ್ಷರ, ನಡುವಿನದು ಯಾವಾಗ್ಲೂ ತಲಿಕೆಳಗ. ಕಾಕಾನೇ ಕೈ ಹಿಡಿದು ಕಲಿಸಿದ್ದು.

ತಮ್ಮ ಬೆಂಗಳೂರು: ಸಹಿ ಅಷ್ಟೇ ಬಂದ್ರ ಜನಗಣತಿಯಾಗ ಸಾಕ್ಷರ ಅಲ್ರಿ. ಅರ್ಥ ಮಾಡ್ಕೊಂಡು ಓದಾಕ, ಬರಿಯಾಕ ಬರಬೇಕು. ಆದ್ರ ಅವರು ಪರೀಕ್ಷೆ ಮಾಡಂಗಿಲ್ಲ, ಮನಿಯವರು ಹೇಳಿದ್ದೇ ಬರಕೋತಾರ.

ಮಾಮಾ ರೈಸ್ ಮಿಲ್: ಮತ್ತ ನನ್ನ ಕಾಟಾ ಸೀಲಿನ ಮಾತೇ ಬಂತು.

ದೊಡ್ಡ ಕಾಕಾ: ಬಸ್ಸಿನ ಬೋರ್ಡ್ ಓದ್ತಿದ್ಲು ಅವ್ವ. ಲಿಂಗಸುಗೂರು ಬಸ್ ಒಮ್ಮೆನೂ ತಪ್ಪಿಸಿಲ್ಲ.

ಸಿಂಧನೂರು ಅತ್ತಿ: ಓದ್ತಿದ್ದಿಲ್ಲ. ಕಂಡಕ್ಟರ್‌ನ ಕೇಳ್ತಿದ್ಲು. ನಿನ್ನ ಮುಂದ ಕೇಳ್ತಿದ್ದಿಲ್ಲ, ಅಷ್ಟೇ.

ಕಾಕಾನ ಹೆಸರಿನ ಕೆಳಗ ಟೈಪಿಂಗ್ ಅಂತ ಬರೋದು, ಹೋಗೋದು. ಸಂಜಿಮುಂದ ಒಂದು ಸಾಲು ಬಂತು.

ದೊಡ್ಡ ಕಾಕಾ: ಹೊರಗಿನವರ ಮುಂದ ಅವ್ವನ್ನ ಹೆಬ್ಬೆಟ್ಟು ಅನ್ನಾಕ ಬಾಯಿ ಬರ್ಲಿಲ್ಲವಾ.

ಅಕ್ಕ ದೇವದುರ್ಗ: ಇರ್ಲಿ ಬಿಡ್ರಿ ಕಾಕಾ. ನಾಳೆ ಮೊಟ್ಟಿ ದಿನ, ಎಣಿಸಿ ಕುದಿಸಾಕ ಇಡಬೇಕು. ಇಪ್ಪತ್ತೈದು ಇಡಬೇಕೋ ಮೂವತ್ತೊಂದೋ, ಅದೇ ತಿಳಿವಲ್ದು.

ದೊಡ್ಡ ಕಾಕಾ: ಮೂವತ್ತೊಂದು ಇಡು.

ರಾತ್ರಿ ನಮ್ಮವ್ವ ತನ್ನ ಭಜನಿ ಗುಂಪಿಗೆ ಬಂದ ಚಿತ್ರ ತೋರಿಸಿದ್ಲು. ಅದೇ ತ್ರಿವರ್ಣ, ಅದೇ ಪಾಟಿ ಹುಡುಗಿ. ಕಳಿಸಿದವರು ಸಿಂಧನೂರು ಅತ್ತಿ, ಮುಂಜಾನೆ ಎಂಟೂಕಾಲಿಗೆ.